ಐಎಸ್‌ಒ ಮಾಡಿಸೋದಾದರೆ ಯಾವುದು? 9001, 45001, 27001, ಅಥವಾ ಸದ್ಯಕ್ಕೆ ಯಾವುದೂ ಬೇಡವಾ?

"ನಮ್ಮ ಕಂಪನಿಗೆ ಐಎಸ್‌ಒ ಮಾಡಿಸಬೇಕು, ಯಾವುದು ಮಾಡಿಸೋಣ?" ಅಂತ ಕೇಳುವವರು ಅಷ್ಟರಲ್ಲೇ ಮೂರು ಕಡೆಯಿಂದ ಮೂರು ಮಾತು ಕೇಳಿಸಿಕೊಂಡಿರುತ್ತಾರೆ. ದೊಡ್ಡ ಗ್ರಾಹಕರು ಗುಣಮಟ್ಟದ 9001 ಸರ್ಟಿಫಿಕೇಟ್ ಕಳಿಸಿ ಅಂದಿರುತ್ತಾರೆ. ಟೆಂಡರ್‌ನಲ್ಲಿ ಕೆಲಸಗಾರರ ಸುರಕ್ಷತೆಯ 45001 ಕಡ್ಡಾಯ ಅಂತಿರುತ್ತದೆ. ಕನ್ಸಲ್ಟೆಂಟ್ ಬಂದು, ಮಾಹಿತಿ ಸುರಕ್ಷತೆಯ 27001 ಸೇರಿಸಿ ಮೂರೂ ಒಟ್ಟಿಗೆ ಮಾಡಿಸಿಬಿಡಿ ಸರ್, ಕಡಿಮೆ ಬೀಳುತ್ತೆ ಅಂತ ಹೇಳಿ ಹೋಗಿರುತ್ತಾರೆ. ಕೊನೆಗೆ ಯಾವುದು ಅಗ್ಗವೋ ಅದನ್ನು ಮಾಡಿಸಿ, ಫ್ರೇಮ್ ಹಾಕಿಸಿ, ಮರೆತುಬಿಡುವವರೇ ಜಾಸ್ತಿ.

ಟೆಂಡರ್ ಗೆಲ್ಲುವುದು ಹೇಗೆ ಅನ್ನುವುದು ಇಲ್ಲಿನ ವಿಷಯ ಅಲ್ಲ. ಕೆಲಸದ ಜಾಗ ನಿಜವಾಗಿ ಸುರಕ್ಷಿತವಾಗಬೇಕು, ವ್ಯವಹಾರದ ರಿಸ್ಕ್ ಕಡಿಮೆಯಾಗಬೇಕು ಅನ್ನುವವರು ಏನು ನೋಡಿ ಆರಿಸಬೇಕು, ಅದಷ್ಟೇ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಐಎಸ್‌ಒ, ಅಂದರೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ, ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಜಿನೀವಾದಲ್ಲಿ ಕಚೇರಿ ಇರುವ ಆ ಸಂಸ್ಥೆ 1947ರಿಂದ ಮಾನದಂಡಗಳನ್ನು ಬರೆದು ಪ್ರಕಟಿಸುತ್ತಿದೆ, ಅಷ್ಟೇ. ಬಂದು ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವುದು ಬೇರೆ ಕಂಪನಿಗಳು. ಅವು ನೆಟ್ಟಗೆ ಆಡಿಟ್ ಮಾಡುತ್ತಿವೆಯಾ ಅಂತ ನೋಡಲು ಅವುಗಳ ಮೇಲೆ ಮಾನ್ಯತೆ ಕೊಡುವ ಸಂಸ್ಥೆಗಳಿವೆ. ಮತ್ತೆ, ಸರ್ಟಿಫಿಕೇಟ್ ಸಿಗುವುದು ನಿಮ್ಮ ಸರಕಿಗಲ್ಲ, ಯಂತ್ರಕ್ಕಲ್ಲ. ನೀವು ಕೆಲಸ ನಡೆಸುವ ಕ್ರಮಕ್ಕೆ. ಸರಕಿನ ಪೆಟ್ಟಿಗೆಯ ಮೇಲೆ ಆ ಮುದ್ರೆ ಹಾಕುವಂತಿಲ್ಲ ಅನ್ನುವ ನಿಯಮ ಇರುವುದು ಅದಕ್ಕೇ.

ಕ್ರಮಕ್ಕೆ ಸರ್ಟಿಫಿಕೇಟ್ ಸಿಕ್ಕರೆ ಅಪಾಯ ಹೇಗೆ ಕಡಿಮೆಯಾಗುತ್ತದೆ? ಈ ಮಾನದಂಡಗಳೆಲ್ಲ ನಿಮ್ಮಿಂದ ಕೆಲವು ಕೆಲಸ ಬಿಡದೆ ಮಾಡಿಸುತ್ತವೆ. ಅವಘಡ ಆಗುವ ಮೊದಲೇ ಎಲ್ಲಿ ಏನಾಗಬಹುದು ಅಂತ ಕೂತು ಬರೆಯಬೇಕು. ಆದ ಮೇಲೆ "ಅವನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಒಂದು ಸಾಲು ಬರೆದು ಫೈಲ್ ಮುಚ್ಚುವಂತಿಲ್ಲ, ಕಾರಣ ಹುಡುಕಿ, ಸರಿಮಾಡಿ, ಸರಿಯಾಯಿತಾ ಅಂತ ಮತ್ತೆ ನೋಡಬೇಕು. ನಿಮ್ಮವರೇ ಒಳಗಿನ ಆಡಿಟ್ ಮಾಡಬೇಕು. ಮಾಲೀಕರು ಅದರ ಫಲಿತಾಂಶ ಇಟ್ಟುಕೊಂಡು ಕೂತು ಪರಿಶೀಲಿಸಬೇಕು. ಇದರಲ್ಲಿ ಯಾವುದೂ ಹೊಸದಲ್ಲ, ಎಲ್ಲರಿಗೂ ಗೊತ್ತಿರುವುದೇ. ಆದರೆ ಆರ್ಡರ್ ಒತ್ತಡ ಬಂದಾಗ ಮೊದಲು ಬಿಟ್ಟುಹೋಗುವುದೂ ಇವೇ. ತಾರೀಕು ಹೇಳಿ ಬರುವ ಹೊರಗಿನವರೊಬ್ಬರಿದ್ದರೆ ಬಿಡುವುದು ಸ್ವಲ್ಪ ಕಷ್ಟವಾಗುತ್ತದೆ.

ಕೆಲಸ ಮಾಡುತ್ತದಾ ಅಂದರೆ, ಮಾಡುತ್ತದೆ, ಮಿತಿಯೊಳಗೆ. 45001ಕ್ಕಿಂತ ಮೊದಲು ಚಾಲ್ತಿಯಲ್ಲಿದ್ದ ಒಎಚ್‌ಎಸ್‌ಎಎಸ್ 18001 ಪಡೆದ ಕಡೆಗಳನ್ನು ಪಡೆಯದ ಕಡೆಗಳ ಜೊತೆ ಅಮೆರಿಕದಲ್ಲಿ ಹೋಲಿಸಿ ನೋಡಿದ್ದಾರೆ. ಪಡೆದವರಲ್ಲಿ ಗಾಯ ಮತ್ತು ಕಾಯಿಲೆಯ ಪ್ರಕರಣಗಳು ಶೇ. 20ರಷ್ಟು ತಗ್ಗಿದ್ದವು. ಮೊದಲೇ ಸ್ವಲ್ಪ ಶಿಸ್ತಾಗಿದ್ದ ಕಂಪನಿಗಳೇ ಸರ್ಟಿಫಿಕೇಟ್‌ಗೆ ಬರುತ್ತವೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಇಳಿಕೆ ಉಳಿದಿತ್ತು.

ಇನ್ನೊಂದು ಮುಖವೂ ಇದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಕಿಟಕಿಗಳಿಗೆ ಸರಳು ಹಾಕಿತ್ತು, ಹೊರಗೆ ಹೋಗಲು ದಾರಿ ಸಿಗಲಿಲ್ಲ. ಕೆಲವೇ ವಾರಗಳ ಹಿಂದೆ ಅದೇ ಕಾರ್ಖಾನೆಗೆ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು. ಕೆಲಸಗಾರರ ಹಕ್ಕು ಮತ್ತು ಸುರಕ್ಷತೆ ಎರಡನ್ನೂ ನೋಡಬೇಕಾದ ಮಾನದಂಡ ಅದು. ಹಾಗಾಗಿ ಯಾವ ನಂಬರ್ ಅನ್ನುವುದರಷ್ಟೇ, ಯಾರ ಕೈಯಲ್ಲಿ ಆಡಿಟ್ ಮಾಡಿಸುತ್ತೀರಿ ಅನ್ನುವುದೂ ಮುಖ್ಯ.

ಏನು ನೋಡಿ ಆರಿಸಬೇಕು

ಮೊದಲನೆಯದು, ನಿಮ್ಮಲ್ಲಿ ಏನು ಕೆಟ್ಟರೆ ಪೆಟ್ಟು ಜೋರು? ಒಂದು ಹಾಳೆ ತೆಗೆದುಕೊಂಡು ಕಳೆದ ಐದು ವರ್ಷದಲ್ಲಿ ಆದದ್ದು, ಸ್ವಲ್ಪದರಲ್ಲಿ ತಪ್ಪಿದ್ದು, ನೆನೆಸಿಕೊಂಡರೆ ನಿದ್ದೆ ಬಾರದಂಥದ್ದು ಎಲ್ಲ ಬರೆಯಿರಿ. ಯಾರಾದರೂ ಸಾಯಬಹುದಾ? ಕೈ ಹೋಗಬಹುದಾ? ಗ್ರಾಹಕರ ಡೇಟಾ ಸೋರಬಹುದಾ? ಒಂದು ವಾರ ಕೆಲಸ ನಿಂತರೆ ಸಂಬಳ ಕೊಡಲು ಆಗುತ್ತದಾ? ಆ ಹಾಳೆಯ ಮೇಲಿನ ಮೂರು ಸಾಲು ಅರ್ಧ ಉತ್ತರ ಹೇಳಿಬಿಡುತ್ತವೆ.

ಎರಡನೆಯದು, ಕೇಳುತ್ತಿರುವವರು ಯಾರು? ಗ್ರಾಹಕರು ಕೇಳಿದರೆ ಯಾವ ಕೆಲಸಕ್ಕೆ, ಯಾವ ಜಾಗಕ್ಕೆ ಬೇಕು ಅಂತ ಬರಹದಲ್ಲಿ ಕೇಳಿ. ಎಷ್ಟೋ ಸಲ ಸರ್ಟಿಫಿಕೇಟೇ ಬೇಕು ಅಂತಿರುವುದಿಲ್ಲ, ಅವರದೇ ಆಡಿಟ್‌ನಲ್ಲಿ ಪಾಸಾದರೆ ಸಾಕಾಗಿರುತ್ತದೆ.

ಮೂರನೆಯದು, ಇದನ್ನು ಒಳಗೆ ಓಡಿಸುವವರು ಯಾರು? ದಿನದಲ್ಲಿ ಒಂದೆರಡು ಗಂಟೆ ಇದಕ್ಕೇ ಕೊಡುವ, ಕೆಲಸ ನಿಲ್ಲಿಸಿ ಅಂತ ಹೇಳುವ ಅಧಿಕಾರ ಇರುವ ಒಬ್ಬರಾದರೂ ಬೇಕು. ಆ ಹೆಸರು ಹೊಳೆಯದಿದ್ದರೆ ಸದ್ಯಕ್ಕೆ ತಡೆಯಿರಿ.

ನಾಲ್ಕನೆಯದು ಖರ್ಚು. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೊಟೇಶನ್‌ನಲ್ಲಿ ಕಾಣುವ ಮೊತ್ತ ಅದರ ಒಂದು ಚೂರು ಮಾತ್ರ.

45001: ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯ

ಹಾಳೆಯಲ್ಲಿ ಮೇಲಿನ ಸಾಲು ಜೀವ, ಕೈಕಾಲು, ಉಸಿರು ಅಂತಿದ್ದರೆ ಬೇರೆ ಹುಡುಕುವುದು ಬೇಡ, ಇದೇ ಮೊದಲು. ಬಂದದ್ದು 2018ರ ಮಾರ್ಚ್‌ನಲ್ಲಿ. ಹಳೆಯ 18001 ಸರ್ಟಿಫಿಕೇಟ್‌ಗಳ ಗಡುವು 2021ರ ಸೆಪ್ಟೆಂಬರ್‌ಗೆ ಮುಗಿಯಿತು. ಈಗಲೂ ಯಾರಾದರೂ 18001 ಮಾಡಿಸಿಕೊಡುತ್ತೇವೆ ಅಂದರೆ ಅವರ ಜೊತೆ ಮಾತು ಮುಂದುವರಿಸಬೇಡಿ.

ಇದರ ನಿಜವಾದ ಬಲ ಎರಡು ಕಡೆ ಇದೆ. ಒಂದು, ಅಪಾಯ ಕಡಿಮೆ ಮಾಡುವ ಕ್ರಮವನ್ನು ಅದು ಮೇಲಿಂದ ಕೆಳಗೆ ಜೋಡಿಸಿ ಹೇಳುತ್ತದೆ. ಮೊದಲು ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ ನೋಡು. ಆಗದಿದ್ದರೆ ಕಡಿಮೆ ಅಪಾಯದ್ದಕ್ಕೆ ಬದಲಿಸು. ಅದೂ ಆಗದಿದ್ದರೆ ಗಾರ್ಡ್, ಗಾಳಿ ಎಳೆಯುವ ಫ್ಯಾನ್ ಥರದ ಎಂಜಿನಿಯರಿಂಗ್ ವ್ಯವಸ್ಥೆ ಮಾಡು. ಆಮೇಲೆ ತರಬೇತಿ, ಬೋರ್ಡು, ಪಾಳಿ ಬದಲಾವಣೆ. ಹೆಲ್ಮೆಟ್ಟು, ಗ್ಲೌಸು, ಮಾಸ್ಕು ಕಟ್ಟಕಡೆಗೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಗ್ಲೌಸ್ ಕೊಟ್ಟು ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು.

ಎರಡು, ಕೆಲಸಗಾರರನ್ನು ಕೇಳಿಯೇ ತೀರಬೇಕು ಅನ್ನುತ್ತದೆ. ಸುಮ್ನೆ ತಿಳಿಸಿದರೆ ಸಾಲದು, ಅವರ ಅಭಿಪ್ರಾಯ ತೆಗೆದುಕೊಂಡು ತೀರ್ಮಾನದಲ್ಲಿ ಸೇರಿಸಿಕೊಳ್ಳಬೇಕು. ಇದು ಯಾಕೆ ಮುಖ್ಯ ಅನ್ನುವುದಕ್ಕೆ ಪ್ರೆಸ್ ಯಂತ್ರದ ಮುಂದೆ ನಿಂತು ನೋಡಿ. ಗಾರ್ಡ್ ತೆರೆದ ತಕ್ಷಣ ಯಂತ್ರ ನಿಲ್ಲಲಿ ಅಂತ ಒಂದು ಸಣ್ಣ ಸ್ವಿಚ್ ಇಟ್ಟಿರುತ್ತಾರೆ. ಆ ಸ್ವಿಚ್ಚನ್ನು ಒತ್ತಿಹಿಡಿದು ಟೇಪ್ ಸುತ್ತಿರುತ್ತದೆ. ಟೇಪಿನ ಅಂಚು ಎಣ್ಣೆ ಹೀರಿ ಕಪ್ಪಾಗಿರುತ್ತದೆ, ಅಂದರೆ ನಿನ್ನೆ ಮೊನ್ನೆ ಹಾಕಿದ್ದಲ್ಲ. ಪಕ್ಕದಲ್ಲೇ ತೂಗುಹಾಕಿದ ಚೆಕ್‌ಲಿಸ್ಟ್‌ನಲ್ಲಿ ತಿಂಗಳಿಡೀ "ಗಾರ್ಡ್ ಇದೆ" ಅನ್ನುವ ಮುಂದೆ ಟಿಕ್. ಸುಳ್ಳಲ್ಲ, ಗಾರ್ಡ್ ಇದ್ದೇ ಇದೆ! ಯಾಕೆ ಟೇಪ್ ಹಾಕಿದ್ದೀರಿ ಅಂತ ಆಪರೇಟರ್‌ನ ಬೈಯದೆ ಕೇಳಿದರೆ ಕಾರಣ ಹೊರಗೆ ಬರುತ್ತದೆ: ಶೀಟು ಪದೇ ಪದೇ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಗಾರ್ಡ್ ತೆಗೆದರೆ ಯಂತ್ರ ನಿಂತು ಮತ್ತೆ ಶುರುಮಾಡಬೇಕು, ಪಾಳಿಯ ಟಾರ್ಗೆಟ್ ಹೋಗುತ್ತದೆ. ಸರಿಮಾಡಬೇಕಾದದ್ದು ಶೀಟು ಸಿಕ್ಕಿಕೊಳ್ಳುವುದನ್ನು. ಆಪರೇಟರ್‌ಗೆ ಮೆಮೊ ಕೊಟ್ಟರೆ ಹೊಸ ಟೇಪ್ ಬರುತ್ತದೆ, ಅಷ್ಟೇ.

ಗುತ್ತಿಗೆ ಕಾರ್ಮಿಕರನ್ನೂ ಇದು ನಿಮ್ಮ ಲೆಕ್ಕಕ್ಕೇ ಸೇರಿಸುತ್ತದೆ. "ಅವರು ನಮ್ಮವರಲ್ಲ, ಕಂಟ್ರಾಕ್ಟರ್ ಕಡೆಯವರು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎತ್ತರದ ಕೆಲಸ, ಟ್ಯಾಂಕ್ ಒಳಗಿನ ಕೆಲಸ, ವೆಲ್ಡಿಂಗ್ ಥರದ ಅಪಾಯದ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುವುದರಿಂದ ಇದು ಸಣ್ಣ ವಿಷಯ ಅಲ್ಲ.

ಇನ್ನು ಆರೋಗ್ಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಜನ ಕೆಲಸಕ್ಕೆ ಸಂಬಂಧಪಟ್ಟ ಕಾರಣಗಳಿಂದ ಸಾಯುತ್ತಾರೆ. ಅದರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3.3 ಲಕ್ಷ. ಉಳಿದ ಸುಮಾರು 26 ಲಕ್ಷ ಕಾಯಿಲೆಯಿಂದ. ಧೂಳು, ಹೊಗೆ, ರಾಸಾಯನಿಕ, ವಿಪರೀತ ದುಡಿಮೆಯ ಗಂಟೆಗಳು. ಆದರೆ ಹೆಚ್ಚಿನ ಕಂಪನಿಗಳ ಬೋರ್ಡಿನಲ್ಲಿ ಬರೆಯುವುದು "ಅಪಘಾತವಿಲ್ಲದ ದಿನಗಳು" ಮಾತ್ರ. 45001 ಮಾಡಿಸುವುದಾದರೆ ಧೂಳಿನ ಅಳತೆ, ಕಿವಿಯ ಪರೀಕ್ಷೆ ಕೂಡ ಅದರೊಳಗೆ ಬರಲಿ. ಇಲ್ಲದಿದ್ದರೆ ಅರ್ಧ ಮಾತ್ರ ಮಾಡಿದ ಹಾಗೆ.

ಇದರ ಕುರುಡು ಜಾಗ ಯಾವುದು? ದೊಡ್ಡ ಸ್ಫೋಟ, ಅನಿಲ ಸೋರಿಕೆ ಥರದ ಅಪರೂಪದ ದುರಂತಗಳು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಜನ ಸತ್ತರು. ಕೆಲಸಕ್ಕೆ ರಜೆ ಹಾಕಬೇಕಾಗುವಂಥ ಗಾಯ ಒಂದೂ ಆಗದೆ ಏಳು ವರ್ಷ ಕಳೆದದ್ದನ್ನು ಮೆಚ್ಚಿಕೊಳ್ಳಲು ಅದೇ ದಿನ ಮೇಲಧಿಕಾರಿಗಳು ರಿಗ್‌ಗೆ ಬಂದಿದ್ದರು. 2005ರಲ್ಲಿ ಟೆಕ್ಸಸ್ ಸಿಟಿಯ ರಿಫೈನರಿಯಲ್ಲಿ 15 ಜನ ಸತ್ತಾಗಲೂ ತನಿಖೆಯಲ್ಲಿ ಕಂಡದ್ದು ಇದೇ: ಸಣ್ಣ ಗಾಯಗಳ ಅಂಕಿ ಚೆನ್ನಾಗಿತ್ತು, ಅದನ್ನೇ ಸುರಕ್ಷತೆ ಅಂದುಕೊಂಡಿದ್ದರು. ಜಾರಿ ಬೀಳುವುದನ್ನು ತಡೆಯುವ ಕ್ರಮ ಬೇರೆ, ಒತ್ತಡದ ಪಾತ್ರೆ ಒಡೆಯುವುದನ್ನು ತಡೆಯುವ ಕ್ರಮ ಬೇರೆ. ರಾಸಾಯನಿಕ, ಅನಿಲ, ಬಾಯ್ಲರ್ ಇರುವವರು 45001 ಆಯಿತು ಅಂತ ನಿಲ್ಲಬಾರದು. ಪ್ರಕ್ರಿಯೆಯ ಸುರಕ್ಷತೆಗೆ ಅದರದೇ ಪರಿಣತರು ಬೇಕು.

ಖರ್ಚಿನ ಮಾತಿಗೆ ಬಂದರೆ ಇದೇ ಹೆಚ್ಚು ಬೀಳುವುದು. ಕೆಲಸ ಎಷ್ಟು ಅಪಾಯದ್ದೋ ಅಷ್ಟು ಆಡಿಟ್ ದಿನ ಜಾಸ್ತಿ. ಅದಕ್ಕಿಂತ ದೊಡ್ಡದು, ಕಂಡ ತಪ್ಪುಗಳನ್ನು ಸರಿಮಾಡುವ ಖರ್ಚು. ಗಾರ್ಡ್, ಧೂಳೆಳೆಯುವ ಯಂತ್ರ, ಇನ್ನೊಂದು ತುರ್ತು ಬಾಗಿಲು, ಇವು ಕೊಟೇಶನ್‌ನಲ್ಲಿ ಇರುವುದಿಲ್ಲ.

9001: ಗುಣಮಟ್ಟ

ಎಲ್ಲಕ್ಕಿಂತ ಹೆಚ್ಚು ಜನ ಕೇಳಿರುವ ನಂಬರ್. ಮೊದಲ ಆವೃತ್ತಿ 1987ರದು. 2015ರ ಆವೃತ್ತಿಯಲ್ಲಿ "ರಿಸ್ಕ್ ಇಟ್ಟುಕೊಂಡು ಯೋಚಿಸಿ" ಅನ್ನುವುದು ಒಳಗೆ ಬಂತು. ಅದನ್ನೇ ಹಿಡಿದುಕೊಂಡು "9001ರಲ್ಲೂ ರಿಸ್ಕ್ ಇದೆಯಲ್ಲ, ಸುರಕ್ಷತೆಗೂ ಸಾಕು" ಅನ್ನುವವರಿದ್ದಾರೆ. ಸಾಲದು. ಅಲ್ಲಿನ ರಿಸ್ಕ್ ಅಂದರೆ ತಪ್ಪು ಸರಕು ಹೋಗುವುದು, ತಡವಾಗುವುದು, ಸಪ್ಲೈಯರ್ ಕೈಕೊಡುವುದು. ಆಪರೇಟರ್‌ನ ಬೆರಳು ಅದರ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 9001 ಮಾಡಿಸಿದ ಸುಮಾರು ಸಾವಿರ ಕಂಪನಿಗಳನ್ನು ಮಾಡಿಸದವುಗಳ ಜೊತೆ ಹೋಲಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾಡಿಸಿದವು ಮುಚ್ಚಿಹೋಗುವುದು ಕಡಿಮೆ, ಮಾರಾಟ ಮತ್ತು ಕೆಲಸಗಾರರ ಸಂಖ್ಯೆ ಬೆಳೆದದ್ದು ಹೆಚ್ಚು. ಗಾಯಗಳಿಗೆ ಆಗುವ ಖರ್ಚು ಮಾತ್ರ ಇಳಿಯಿತು ಅನ್ನಲು ಪುರಾವೆ ಸಿಗಲಿಲ್ಲ. ಏರಿತು ಅನ್ನಲೂ ಸಿಗಲಿಲ್ಲ.

ಹಾಗಂತ ಸುರಕ್ಷತೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಅಳತೆಯ ಸಾಧನ ಸರಿಯಿದೆಯಾ, ಕೆಲಸದ ವಿಧಾನ ಬದಲಾದಾಗ ಎಲ್ಲರಿಗೂ ತಿಳಿಯಿತಾ, ಹೊಸಬರಿಗೆ ಕಲಿಸಿದ್ದೀರಾ, ಇವನ್ನೆಲ್ಲ ಇದು ಕೇಳುತ್ತದೆ. ಎಲ್ಲವೂ ಮಾಲೀಕರ ತಲೆಯಲ್ಲೇ ಇರುವ ಕಂಪನಿಗೆ ಈ ಅಭ್ಯಾಸ ದೊಡ್ಡದು. ಮುಖ್ಯ ಅಪಾಯ ಗ್ರಾಹಕರ ವಾಪಸಾತಿ, ದಂಡ, ಹೆಸರು ಕೆಡುವುದು ಅಂತಿದ್ದರೆ 9001 ಸಾಕು. ಖರ್ಚೂ ಕಡಿಮೆ, ಪರಿಣತರೂ ಸುಲಭವಾಗಿ ಸಿಗುತ್ತಾರೆ. ಆದರೆ ಅಪಾಯದ ಕೆಲಸ ಇದ್ದೂ "ಮೊದಲು 9001, ಎರಡು ವರ್ಷ ಬಿಟ್ಟು 45001" ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

14001: ಪರಿಸರ

ಇದನ್ನು ಬೇಗ ಮುಗಿಸುತ್ತೇನೆ. 1996ರಿಂದ ಇದೆ. ತ್ಯಾಜ್ಯ, ಸೋರಿಕೆ, ಹೊಗೆ, ಅನುಮತಿ ಪತ್ರಗಳು ಇದರ ಕ್ಷೇತ್ರ. ಕಾನೂನಿನ ದಂಡ, ಅಕ್ಕಪಕ್ಕದವರ ದೂರು ನಿಮ್ಮ ದೊಡ್ಡ ಅಪಾಯವಾಗಿದ್ದರೆ ಇದು ಬೇಕು. ಪೇಂಟು, ಆ್ಯಸಿಡ್ಡು, ದ್ರಾವಕಗಳ ಡ್ರಮ್ ಇಡುವ ಕಡೆ ಇದೂ 45001ಉ ಅರ್ಧಕ್ಕರ್ಧ ಒಂದೇ ಕೆಲಸ ಕೇಳುತ್ತವೆ. ಅಂಥವರು ಎರಡನ್ನೂ ಜೋಡಿಯಾಗಿ ಮಾಡಿಸಿದರೆ ಲಾಭ. ಕಚೇರಿ ಕೆಲಸದವರು ಗ್ರಾಹಕರು ಕೇಳದಿದ್ದರೆ ಇದಕ್ಕೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

27001 ಮತ್ತು 22301: ಮಾಹಿತಿ, ಮತ್ತೆ ಕೆಲಸ ನಿಲ್ಲದಿರುವುದು

ಸಾಫ್ಟ್‌ವೇರ್, ಲೆಕ್ಕಪತ್ರ, ಆಸ್ಪತ್ರೆಯ ದಾಖಲೆ, ಹಣದ ವ್ಯವಹಾರ ನೋಡುವವರಿಗೆ ಯಾರ ಬೆರಳೂ ಹೋಗುವುದಿಲ್ಲ. ಒಂದು ರಾತ್ರಿಯಲ್ಲಿ ಕಂಪನಿಯೇ ಹೋಗಬಹುದು. ಅಲ್ಲಿ 27001 ಮುಂದೆ ಬರುತ್ತದೆ. ಈಗ ಚಾಲ್ತಿಯಲ್ಲಿರುವುದು 2022ರ ಆವೃತ್ತಿ. 2013ರ ಆವೃತ್ತಿಯಿಂದ ಬದಲಾಗಲು ಕೊಟ್ಟ ಗಡುವು 2025ರ ಅಕ್ಟೋಬರ್‌ಗೆ ಮುಗಿದಿದೆ. ಇದರ ಅನುಬಂಧದಲ್ಲಿ 93 ನಿಯಂತ್ರಣಗಳಿವೆ. ಎಲ್ಲವನ್ನೂ ಹಾಕಲೇಬೇಕು ಅಂತಿಲ್ಲ, ಯಾವುದು ಬೇಕು, ಯಾವುದು ಯಾಕೆ ಬೇಡ ಅಂತ ಕಾರಣ ಸಮೇತ ಬರೆದಿಡಬೇಕು. ಆ ಒಂದು ದಾಖಲೆ ಓದಿದರೆ ಕಂಪನಿ ತಲೆ ಓಡಿಸಿದೆಯಾ, ಬೇರೆಯವರದನ್ನು ನಕಲು ಮಾಡಿದೆಯಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ವ್ಯಾಪ್ತಿಯ ವಿಷಯದಲ್ಲಿ. ಸರ್ಟಿಫಿಕೇಟ್ ಮೇಲೆ ಯಾವ ಕಚೇರಿ, ಯಾವ ಸೇವೆ ಅಂತ ಬರೆದಿರುತ್ತದೆ. ಗ್ರಾಹಕರ ಡೇಟಾ ಇರುವ ವಿಭಾಗವನ್ನು ಹೊರಗಿಟ್ಟು, ಸುಲಭವಾದ ಒಂದು ಮಹಡಿಗೆ ಮಾತ್ರ ಮಾಡಿಸಿದರೆ ಖರ್ಚು ಉಳಿಯುತ್ತದೆ, ರಿಸ್ಕ್ ಹಾಗೇ ಕೂತಿರುತ್ತದೆ. ಬೇರೆಯವರ ಸರ್ಟಿಫಿಕೇಟ್ ನೋಡುವಾಗಲೂ ಮೊದಲು ಓದಬೇಕಾದ ಸಾಲು ಅದೇ.

22301 ಅದರ ಜೋಡಿ. ಬೆಂಕಿ, ಪ್ರವಾಹ, ಸರ್ವರ್ ಬೀಳುವುದು, ಸಪ್ಲೈಯರ್ ಮುಚ್ಚಿಕೊಳ್ಳುವುದು, ಕಾರಣ ಏನೇ ಇರಲಿ, ಎಷ್ಟು ಗಂಟೆಯೊಳಗೆ ಯಾವ ಕೆಲಸ ಮತ್ತೆ ಶುರುವಾಗಬೇಕು ಅಂತ ಇದು ಕೇಳುತ್ತದೆ. ಮಾಡಿ ತೋರಿಸಿ ಅನ್ನುತ್ತದೆ. ಬ್ಯಾಕಪ್ ದಿನಾ ತೆಗೆಯುತ್ತೇವೆ ಅನ್ನುವವರನ್ನು "ಕೊನೆಯ ಸಲ ಯಾವಾಗ ಅದರಿಂದ ವಾಪಸ್ ತಂದಿರಿ?" ಅಂತ ಕೇಳಿ ನೋಡಿ. ಉತ್ತರ ಬರುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸಣ್ಣ ಕಂಪನಿಗೆ 22301ರ ಸರ್ಟಿಫಿಕೇಟ್ ಹೊರೆಯೇ. ಆದರೆ ಅದರ ಎರಡು ಕೆಲಸ, ಯಾವುದು ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು ಅನ್ನುವ ಪಟ್ಟಿ ಮತ್ತು ವರ್ಷಕ್ಕೊಂದು ಅಣಕು ಪರೀಕ್ಷೆ, ಯಾರು ಬೇಕಾದರೂ ಮಾಡಬಹುದು.

ಕೆಲವು ಕ್ಷೇತ್ರಗಳಿಗೆ ಅವರದೇ ನಂಬರ್ ಇದೆ. ಆಹಾರಕ್ಕೆ 22000, ವೈದ್ಯಕೀಯ ಸಾಧನಗಳಿಗೆ 13485, ವಾಹನ ಓಡಿಸುವುದೇ ಕಸುಬಾದವರಿಗೆ ರಸ್ತೆ ಸುರಕ್ಷತೆಯ 39001. ಆಹಾರದವರು ಒಂದು ವಿಷಯ ಮೊದಲೇ ಕೇಳಿಕೊಳ್ಳಿ: ದೊಡ್ಡ ಖರೀದಿದಾರರಲ್ಲಿ ಹಲವರಿಗೆ ಬರೀ 22000 ಸಾಕಾಗುವುದಿಲ್ಲ, ಅದರ ಮೇಲೆ ಕಟ್ಟಿದ ಎಫ್‌ಎಸ್‌ಎಸ್‌ಸಿ 22000 ಬೇಕಾಗುತ್ತದೆ.

ಎಲ್ಲ ಒಟ್ಟಿಗೆ ಮಾಡಿಸಿದರೆ?

2012ರಿಂದ ಈಚೆಗೆ ಬಂದ ಇಂಥ ಮಾನದಂಡಗಳಲ್ಲಿ, 13485 ಥರದ ಕೆಲವನ್ನು ಬಿಟ್ಟರೆ, ಹೆಚ್ಚಿನವಕ್ಕೆ ಒಂದೇ ಅಸ್ಥಿಪಂಜರ. ಅಧ್ಯಾಯಗಳ ಹೆಸರು, ಕ್ರಮ ಒಂದೇ. ಹಾಗಾಗಿ ದಾಖಲೆ ಇಡುವುದು, ಒಳ ಆಡಿಟ್, ಮಾಲೀಕರ ಪರಿಶೀಲನಾ ಸಭೆ ಎಲ್ಲಕ್ಕೂ ಸೇರಿ ಒಂದೇ ಸಾಕು. ಒಟ್ಟಿಗೆ ಆಡಿಟ್ ಮಾಡಿದರೆ ದಿನಗಳಲ್ಲಿ ಗರಿಷ್ಠ ಶೇ. 20ರವರೆಗೆ ಕಡಿತ ಮಾಡಬಹುದು ಅನ್ನುವ ನಿಯಮವೂ ಇದೆ. ಯಾರಾದರೂ "ಒಂದರ ದುಡ್ಡಲ್ಲಿ ಮೂರು" ಅಂದರೆ ಈ ಅಂಕಿ ನೆನಪಿರಲಿ.

ಆದರೂ ಮೊದಲ ಸಲವೇ ಮೂರು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೂರರ ದಾಖಲೆ ಬರೆಯುವುದರಲ್ಲೇ ವರ್ಷ ಕಳೆಯುತ್ತದೆ, ಯಂತ್ರದ ಹತ್ತಿರ ಹೋಗಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಪಟ್ಟಿಯ ಮೇಲಿನ ಅಪಾಯಕ್ಕೆ ಒಂದನ್ನು ಮಾಡಿಸಿ. ಮೊದಲ ವರ್ಷದ ಮರು ಆಡಿಟ್ ಮುಗಿಯಲಿ. ಆಮೇಲೆ ಇನ್ನೊಂದನ್ನು ಅದೇ ಅಸ್ಥಿಪಂಜರಕ್ಕೆ ಸೇರಿಸಿದರೆ ಕೆಲಸ ಎಷ್ಟೋ ಹಗುರ. ಗುಣಮಟ್ಟ, ಸುರಕ್ಷತೆ, ಪರಿಸರಕ್ಕೆ ಈಗಾಗಲೇ ಪ್ರತ್ಯೇಕ ಜನ ಇರುವ ದೊಡ್ಡ ಕಂಪನಿಗಳು ಒಟ್ಟಿಗೇ ಹೋಗಬಹುದು.

ಸರ್ಟಿಫಿಕೇಟ್ ಇಲ್ಲದೆಯೇ ಮಾಡಿದರೆ?

ಈ ಆಯ್ಕೆಯನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ದುಡ್ಡಿಲ್ಲ. ಮಾನದಂಡದ ಪ್ರತಿ ಕೊಂಡು, ಅದರಲ್ಲಿ ಹೇಳಿದ್ದನ್ನು ಮಾಡಿ, ಆಡಿಟ್‌ಗೆ ಯಾರನ್ನೂ ಕರೆಯದೆ ಇರಬಹುದು. ಹತ್ತು ಹದಿನೈದು ಜನರ ಕಡೆ, ಮಾಲೀಕರೇ ದಿನಾ ಕೆಲಸದ ಜಾಗದಲ್ಲಿ ಇರುವ ಕಡೆ, ಗ್ರಾಹಕರು ಕೇಳದ ಕಡೆ ಇದು ಒಳ್ಳೆಯ ದಾರಿ. ಉಳಿದ ಹಣದಲ್ಲಿ ಎರಡು ಯಂತ್ರಕ್ಕೆ ಸರಿಯಾದ ಗಾರ್ಡ್ ಬರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ನಮ್ಮ ಮನೆಯ ಗಲೀಜು ನಮಗೆ ಕಾಣದ ಹಾಗೆ, ದಿನಾ ನೋಡುವವರಿಗೆ ಆ ಕಪ್ಪಾದ ಟೇಪ್ ಕಾಣುವುದಿಲ್ಲ. ಹೊರಗಿನ ಕಣ್ಣು ಬೇಕೇ ಬೇಕು. ನಿಮ್ಮದೇ ಕ್ಷೇತ್ರದ ಇನ್ನೊಂದು ಕಂಪನಿಯ ಸೂಪರ್‌ವೈಸರ್ ಬಂದು ನಿಮ್ಮಲ್ಲಿ ನೋಡಲಿ, ನಿಮ್ಮವರು ಅಲ್ಲಿ ಹೋಗಿ ನೋಡಲಿ. ಇದು ಹೊಂದಿಕೆಯಾಗದಿದ್ದರೆ, ಒಳಗಿನ ಆಡಿಟ್‌ನಲ್ಲಿ ವರ್ಷವಿಡೀ ಒಂದೂ ಎನ್‌ಸಿ (ಮಾನದಂಡಕ್ಕೆ ಹೊಂದದ ತಪ್ಪು) ಸಿಗದಿದ್ದರೆ, ಸರ್ಟಿಫಿಕೇಟ್ ಕಡೆ ಯೋಚಿಸುವ ಹೊತ್ತು ಬಂದಿದೆ ಅಂತ ಲೆಕ್ಕ.

ಇದೇ ಸಾಲಿನಲ್ಲಿ 31000 ಅನ್ನುವುದೂ ಕಿವಿಗೆ ಬೀಳುತ್ತದೆ, ರಿಸ್ಕ್ ನಿರ್ವಹಣೆಯ ಮಾನದಂಡ. ಓದಲು ಒಳ್ಳೆಯದು. ಆದರೆ ಅದು ಬರೀ ಮಾರ್ಗಸೂಚಿ, ಕಂಪನಿಗೆ ಸರ್ಟಿಫಿಕೇಟ್ ಕೊಡಲು ಬರೆದದ್ದಲ್ಲ. ಕೊಡುತ್ತೇವೆ ಅನ್ನುವವರು ಮಿಕ್ಕದ್ದರಲ್ಲಿ ಹೇಗೋ ಏನೋ, ನೀವೇ ಯೋಚಿಸಿ.

ಖರ್ಚಿನ ಲೆಕ್ಕ

ಆಡಿಟ್ ಖರ್ಚು ಅಂದರೆ ದಿನಗಳ ಸಂಖ್ಯೆ ಗುಣಿಸು ದಿನದ ದರ. ದಿನಗಳನ್ನು ಅವರು ಮನಸ್ಸಿಗೆ ಬಂದ ಹಾಗೆ ಹಾಕುವಂತಿಲ್ಲ, ಮಾನ್ಯತೆಯ ವ್ಯವಸ್ಥೆಯಲ್ಲಿ ಅದಕ್ಕೆ ಪಟ್ಟಿ ಇದೆ. ಉದಾಹರಣೆಗೆ 9001ಕ್ಕೆ 46ರಿಂದ 65 ಜನರಿರುವ ಕಡೆ ಮೊದಲ ಆಡಿಟ್‌ಗೆ 5 ದಿನ. ಕೆಲಸ ಸರಳವಿದ್ದರೆ ಸ್ವಲ್ಪ ಇಳಿಯಬಹುದು, ಜಟಿಲವಿದ್ದರೆ ಏರಬಹುದು. ಸರ್ಟಿಫಿಕೇಟ್ ಮೂರು ವರ್ಷಕ್ಕೆ. ನಡುವಿನ ಎರಡು ವರ್ಷ ಬರುವ ಕಣ್ಗಾವಲು ಆಡಿಟ್ ಒಂದೊಂದೂ ಮೊದಲಿನದರ ಸುಮಾರು ಮೂರನೇ ಒಂದು ಭಾಗ. ಮೂರು ವರ್ಷ ಮುಗಿಯುವ ಹೊತ್ತಿಗೆ ಮಾಡುವ ಮರು ಸರ್ಟಿಫಿಕೇಶನ್ ಸುಮಾರು ಮೂರನೇ ಎರಡು ಭಾಗ. ಅಂದರೆ ಈ ಉದಾಹರಣೆಯಲ್ಲಿ ಮೊದಲ ಮೂರು ವರ್ಷಕ್ಕೆ ಎಂಟಕ್ಕಿಂತ ಸ್ವಲ್ಪ ಹೆಚ್ಚು ದಿನ. ಮೊದಲ ವರ್ಷದ ಮೊತ್ತ ಮಾತ್ರ ನೋಡಿ ಒಪ್ಪಿಕೊಂಡು, ಎರಡನೇ ವರ್ಷ ದುಡ್ಡಿಲ್ಲ ಅಂತ ಕೈಬಿಟ್ಟರೆ ಮೊದಲಿನದೂ ನೀರುಪಾಲು.

ಇದರ ಮೇಲೆ ನಿಮ್ಮವರ ಸಮಯ, ತರಬೇತಿ, ರಿಪೇರಿ, ಬೇಕಿದ್ದರೆ ಕನ್ಸಲ್ಟೆಂಟ್. ಕನ್ಸಲ್ಟೆಂಟ್ ಬೇಡ ಅನ್ನುವುದಿಲ್ಲ. ಆದರೆ ಅವರು ಬರೆದುಕೊಟ್ಟ ದಪ್ಪ ಫೈಲನ್ನು ನಿಮ್ಮ ಸೂಪರ್‌ವೈಸರ್ ಒಂದು ಸಲವೂ ತೆರೆಯದಿದ್ದರೆ ಅದು ದಂಡ. ಬರೆಯುವ ಕೆಲಸ ನಿಮ್ಮವರೇ ಮಾಡಲಿ, ಕನ್ಸಲ್ಟೆಂಟ್ ತಿದ್ದಲಿ.

ಬಜೆಟ್ ತೀರಾ ಬಿಗಿ ಇದ್ದವರು ಹೀಗೆ ಮಾಡಬಹುದು: ಮೊದಲ ವರ್ಷ ಸರ್ಟಿಫಿಕೇಟ್ ಇಲ್ಲದೆ 45001ರ ಕೆಲಸ ಶುರುಮಾಡಿ, ದುಡ್ಡನ್ನು ರಿಪೇರಿಗೆ ಹಾಕಿ, ಎರಡನೇ ವರ್ಷ ಆಡಿಟ್‌ಗೆ ಕರೆಯಿರಿ. ಆಗ ಸಿಗುವ ಎನ್‌ಸಿಗಳೂ ಕಡಿಮೆ. ಐವತ್ತು ಅರವತ್ತು ಜನರ ಫ್ಯಾಬ್ರಿಕೇಶನ್, ಕಟ್ಟಡ ಕೆಲಸ, ಮೆಂಟೆನೆನ್ಸ್ ಗುತ್ತಿಗೆಯವರು ಟೆಂಡರ್ ಏನೇ ಕೇಳಲಿ 45001ರಿಂದ ಶುರುಮಾಡಿ, 9001 ಹಿಂದೆ ಬರಲಿ. ಇಪ್ಪತ್ತು ಜನರ ಸಾಫ್ಟ್‌ವೇರ್ ತಂಡಕ್ಕೆ 27001, ಅದೂ ಗ್ರಾಹಕರು ಕೇಳಿದಾಗ. ಅಮೆರಿಕದ ಗ್ರಾಹಕರಾದರೆ ಡೇಟಾ ಸುರಕ್ಷತೆಯ ಬಗ್ಗೆ ಹೊರಗಿನ ಆಡಿಟರ್ ಕೊಡುವ ಎಸ್‌ಒಸಿ 2 ವರದಿ ಸಾಕಾ ಅಂತ ಮೊದಲು ವಿಚಾರಿಸಿ, ಎರಡಕ್ಕೂ ದುಡ್ಡು ಹಾಕುವುದು ತಪ್ಪಬಹುದು. ಮೂರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡಿ ಅಂತ ಗ್ರಾಹಕರು ಕೂತಿದ್ದರೆ, ಆಡಿಟ್‌ನ ತಾರೀಕು ಗೊತ್ತುಮಾಡಿದ ಪತ್ರ ಮತ್ತು ಕೆಲಸದ ಯೋಜನೆ ತೋರಿಸಿ ಸಮಯ ಕೇಳಿ. ಆತುರದಲ್ಲಿ ಬರೆದ ಅಪಾಯಗಳ ಪಟ್ಟಿ ಆಮೇಲೆ ತಿದ್ದುವವರೇ ಇರುವುದಿಲ್ಲ.

ಆಡಿಟ್ ಯಾರ ಕೈಯಲ್ಲಿ?

ನಂಬರ್ ಆರಿಸುವಷ್ಟೇ ಹೊತ್ತು ಇದಕ್ಕೂ ಕೊಡಿ. ಆ ಕಂಪನಿಗೆ ನಿಮಗೆ ಬೇಕಾದ ಮಾನದಂಡಕ್ಕೆ, ನಿಮ್ಮ ಕ್ಷೇತ್ರಕ್ಕೆ ಮಾನ್ಯತೆ ಇದೆಯಾ? ಒಂದಕ್ಕೆ ಇದ್ದರೆ ಎಲ್ಲಕ್ಕೂ ಇರುತ್ತದೆ ಅಂತಲ್ಲ. ಅವರು ಕೊಟ್ಟ ಸರ್ಟಿಫಿಕೇಟ್‌ಗಳನ್ನು ಐಎಎಫ್ ಸರ್ಟ್‌ಸರ್ಚ್ ಅನ್ನುವ ಜಾಗತಿಕ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಕನ್ಸಲ್ಟೆನ್ಸಿಯನ್ನೂ ನಾವೇ ಮಾಡಿ ಸರ್ಟಿಫಿಕೇಟೂ ನಾವೇ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಸರ್ಟಿಫಿಕೇಟ್ ಕೊಡುವ ಕಂಪನಿಗಳಿಗೇ ಇರುವ ಐಎಸ್‌ಒ 17021ರ ನಿಯಮದಂತೆ ಎರಡನ್ನೂ ಒಬ್ಬರೇ ಮಾಡುವಂತಿಲ್ಲ. ಸ್ಥಳಕ್ಕೆ ಬರದೆ ಒಂದು ವಾರದಲ್ಲಿ ಕೈಗೆ ಕೊಡುವವರ ಬಗ್ಗೆ ಹೇಳುವುದೇ ಬೇಡ.

ಬರುವ ಆಡಿಟರ್‌ಗೆ ನಿಮ್ಮ ಕೆಲಸ ಗೊತ್ತಿರಬೇಕು. ಟ್ಯಾಂಕ್ ಒಳಗೆ ಇಳಿಯುವ ಮೊದಲು ಮಾಡುವ ಗ್ಯಾಸ್ ಪರೀಕ್ಷೆಯ ಪರ್ಮಿಟ್‌ಗಳ ಕಟ್ಟು ಮುಂದಿಟ್ಟಾಗ, ತಿಂಗಳಿಡೀ ಎಲ್ಲ ಟ್ಯಾಂಕ್‌ನಲ್ಲೂ ಆಮ್ಲಜನಕ ಸರಿಯಾಗಿ ಶೇ. 20.9 ಅಂತ ಒಂದೇ ಕೈಬರಹದಲ್ಲಿ ಇದ್ದರೆ, ಗೊತ್ತಿರುವವರು ಮೀಟರ್ ತರಿಸುತ್ತಾರೆ, ಅಳೆದವರನ್ನು ಕರೆಸುತ್ತಾರೆ. ಗೊತ್ತಿಲ್ಲದವರು ಸಹಿ ಇದೆಯಾ ಅಂತ ಮಾತ್ರ ನೋಡುತ್ತಾರೆ. ಆಡಿಟರ್‌ನ ಹಿಂದಿನ ಅನುಭವದ ವಿವರ ಕೇಳಿ ಪಡೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರು ಕಡೆಯಿಂದ ಕೊಟೇಶನ್ ತರಿಸಿ. ಮೊದಲ ಆಡಿಟ್, ಎರಡು ಕಣ್ಗಾವಲು ಆಡಿಟ್, ಮರು ಸರ್ಟಿಫಿಕೇಶನ್, ಪ್ರತಿಯೊಂದರ ದಿನ ಮತ್ತು ಪ್ರಯಾಣ ಖರ್ಚು ಬೇರೆ ಬೇರೆಯಾಗಿ ಬರೆದುಕೊಡಲಿ. ದರದಲ್ಲಿ ವ್ಯತ್ಯಾಸ ಇದ್ದರೆ ಚೌಕಾಸಿ ಮಾಡಬಹುದು. ದಿನಗಳಲ್ಲೇ ಅರ್ಧಕ್ಕರ್ಧ ವ್ಯತ್ಯಾಸ ಬಂದರೆ, ನಿಮ್ಮ ಗುತ್ತಿಗೆಯವರನ್ನೂ ರಾತ್ರಿ ಪಾಳಿಯನ್ನೂ ಯಾರು ಎಣಿಸದೆ ಬಿಟ್ಟಿದ್ದಾರೆ ಅಂತ ಮೊದಲು ಕೇಳಿ.